ಗಾಡಿ ಮಾತು: ಘಟ್ಟದಲ್ಲಿ ಗೇಜ್ ಹೇಳುವ ನಂಬರು

ಪ್ರಶ್ನೆ (ಶಿರಸಿಯಿಂದ): ಸರ್, ನಂದು 2016ರ ಡೀಸೆಲ್ ಕಾರು. ವಾರಕ್ಕೆ ಎರಡು ಸಲ ಕುಮಟಾಕ್ಕೆ ಹೋಗಿ ಬರುತ್ತೇನೆ. ಮೀಟರಿನಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ಎಂಜಿನ್ ಜಾಸ್ತಿ ಬಿಸಿಯಾದರೆ ಕೆಂಪು ದೀಪ ಹತ್ತುತ್ತದೆ ಅಷ್ಟೇ. ಹೋದ ತಿಂಗಳು ದೇವಿಮನೆ ಘಟ್ಟದಲ್ಲಿ ಅದು ಹತ್ತಿತು. ಡ್ಯಾಶ್‌ಬೋರ್ಡ್ ಮೇಲೆ ಕೂರಿಸುವ ಓಬಿಡಿ ಗೇಜ್ (ಎಂಜಿನ್ ಕಂಪ್ಯೂಟರಿನ ನಂಬರು ತೋರಿಸುವ ಮೀಟರು) ತಗೊಳ್ಳಲಾ? ಎಷ್ಟು ಡಿಗ್ರಿ ಬಂದರೆ ಗಾಡಿ ನಿಲ್ಲಿಸಬೇಕು?

ಉತ್ತರ: ಖಂಡಿತ ತಗೊಳ್ಳಿ. ಘಟ್ಟ ಹತ್ತಿ ಇಳಿಯುವವರಿಗೆ ಇದು ಶೋಕಿಯ ಸಾಮಾನಲ್ಲ. ಕೆಂಪು ದೀಪ ಹತ್ತುವ ಹೊತ್ತಿಗೆ ಎಂಜಿನ್ ಆಗಲೇ ಕಷ್ಟದಲ್ಲಿರುತ್ತದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲು) ಹೋದರೆ ಖರ್ಚು ಎಷ್ಟು ಅಂತ ನಿಮಗೂ ಗೊತ್ತಲ್ವಾ. ಮುಳ್ಳಿದ್ದವರೂ ನಿಶ್ಚಿಂತೆಯಾಗಿ ಇರುವ ಹಾಗಿಲ್ಲ. ಎಷ್ಟೋ ಕಾರುಗಳಲ್ಲಿ ಆ ಮುಳ್ಳು 80 ಡಿಗ್ರಿಗೂ ನಡುವೆ, 100 ದಾಟಿದರೂ ನಡುವೆ. ಹಾಗೇ ನಿಲ್ಲುವಂತೆ ಕಂಪನಿಯವರೇ ಹೊಂದಿಸಿರುತ್ತಾರೆ.

ಗೇಜ್ ಹಾಗಲ್ಲ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವುದು ಅಲ್ಲೇ. ಗೇಜಿನ ವೈರನ್ನೂ ಅಲ್ಲಿಗೇ ಚುಚ್ಚಬೇಕು. ಆಮೇಲೆ ಅದು ಎಂಜಿನ್ ಕಂಪ್ಯೂಟರನ್ನು ಬಿಡದೆ ಕೇಳುತ್ತಾ ಇರುತ್ತದೆ: ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಎಷ್ಟು ಬಿಸಿ, ಆರ್‌ಪಿಎಂ ಎಷ್ಟು, ಲೋಡ್ ಎಷ್ಟು, ವೋಲ್ಟೇಜ್ ಎಷ್ಟು. ಬಂದ ನಂಬರನ್ನು ನಿಮ್ಮ ಕಣ್ಣೆದುರು ಇಡುತ್ತದೆ. ಫೋನಿಗೆ ಬ್ಲೂಟೂತ್‌ನಲ್ಲಿ ಕಳಿಸುವ ಸಣ್ಣ ಅಡಾಪ್ಟರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಘಟ್ಟದ ಮಧ್ಯೆ ಯಾರದ್ದೋ ಕಾಲ್ ಬಂದು ನಂಬರೇ ಮರೆಯಾದರೆ ಏನು ಉಪಯೋಗ? ವೈರ್ ಇರುವ ಪುಟ್ಟ ಪರದೆಯದ್ದನ್ನೇ ತಗೊಳ್ಳಿ. ವೈರ್ ಕ್ಲಚ್, ಬ್ರೇಕ್ ಪೆಡಲ್ ಕಡೆ ಜೋತು ಬೀಳಬಾರದು. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಗೇಜ್ ಅಂಟಿಸಬೇಡಿ.

ಇನ್ನು ಡಿಗ್ರಿ ಮಾತು. ಹೆಚ್ಚಿನ ಕಾರುಗಳು 85ರಿಂದ 100ರ ಒಳಗೆ ಓಡುತ್ತವೆ. ನೂರಕ್ಕೆ ನೀರು ಕುದಿಯುತ್ತದಲ್ಲ ಅಂತ ಗಾಬರಿ ಬೇಡ. ಒಳಗೆ ಕುಕ್ಕರ್ ಹಾಗೆ ಒತ್ತಡ ಇರುತ್ತದೆ, ಮೇಲೆ ಕೂಲಂಟ್ ಬೇರೆ ಬೆರೆತಿರುತ್ತದೆ, ಹಾಗಾಗಿ ಅಷ್ಟು ಬೇಗ ಕುದಿಯುವುದಿಲ್ಲ. ಆದರೆ ನಿಮ್ಮ ಗಾಡಿಯ ಸರಿಯಾದ ನಂಬರನ್ನು ನೀವೇ ಕಂಡುಕೊಳ್ಳಬೇಕು. ಒಂದು ವಾರ ಸುಮ್ನೆ ನೋಡಿ: ಬನವಾಸಿ ರಸ್ತೆಯಂಥ ಜಾಸ್ತಿ ಏರಿಲ್ಲದ ಕಡೆ ಎಷ್ಟು, ಎಸಿ ಹಾಕಿದರೆ ಎಷ್ಟು, ದೇವಿಮನೆಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಎಷ್ಟು. ಚೀಟಿಯಲ್ಲಿ ಬರೆದಿಡಿ. ಏರಿನಲ್ಲಿ 90 ಇದ್ದದ್ದು 100ಕ್ಕೆ ಹೋಗಿ, ಮೇಲೆ ಬಂದ ಮೇಲೆ ಮತ್ತೆ 90ಕ್ಕೆ ಇಳಿದರೆ ಎಂಜಿನ್ ಚೆನ್ನಾಗಿದೆ. ಅದೇ ಏರು, ಅದೇ ಭಾರ, ಆದರೂ ಈ ತಿಂಗಳು 106 ತೋರಿಸಿತು ಅಂದರೆ ಏನೋ ಬದಲಾಗಿದೆ. ಕೂಲಂಟ್ ಕಡಿಮೆ ಆಗಿರಬಹುದು, ಫ್ಯಾನ್ ತಿರುಗದೆ ಇರಬಹುದು, ರೇಡಿಯೇಟರಿಗೆ ಕೆಸರು ಮೆತ್ತಿರಬಹುದು. ಗೇಜಿನಲ್ಲಿ ಅಲಾರಂ ಇದ್ದರೆ 108ಕ್ಕೆ ಇಡಿ. ಅದು ಕೂಗಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಜಾಗ ಸಿಕ್ಕಿದ ಕಡೆ ನಿಲ್ಲಿಸಿ. ಹೀಟರ್ ಯಾಕೆ ಅಂದರೆ ಅದೂ ಒಂದು ಪುಟ್ಟ ರೇಡಿಯೇಟರೇ, ಸ್ವಲ್ಪ ಬಿಸಿ ಹೊರಗೆಳೆಯುತ್ತದೆ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ನಾನೇ ಒಂದು ಮಳೆಗಾಲದಲ್ಲಿ ಅದೇ ಘಟ್ಟ ಹತ್ತುತ್ತಿದ್ದೆ. ಗೇಜ್ 97, 101, 104 ಅಂತ ಏರುತ್ತಿತ್ತು, ಆಮೇಲೆ ಇದ್ದಕ್ಕಿದ್ದಂತೆ 86. ಮಳೆಗೆ ತಣ್ಣಗಾಯಿತು ಅಂದುಕೊಂಡು ಇನ್ನೂ ಎರಡು ತಿರುವು ಹತ್ತಿದೆ. ಅಷ್ಟರಲ್ಲಿ ಸಿಹಿ ಸಿಹಿ ವಾಸನೆ ಬಂತು. ಬಾನೆಟ್ ಎತ್ತಿದರೆ ಹೋಸಿನ ಕ್ಲಿಪ್ ಸಡಿಲಾಗಿ ಕೂಲಂಟ್ ಪೂರ್ತಿ ಚೆಲ್ಲಿ ಹೋಗಿತ್ತು. ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಕೂಲಂಟೇ ಇಲ್ಲದಿದ್ದರೆ ಅದಕ್ಕೆ ತಾಗುವುದು ಬರೀ ಗಾಳಿ, ಎಂಜಿನ್ ಸುಡುತ್ತಿದ್ದರೂ ನಂಬರು ಕಡಿಮೆ ತೋರಿಸಬಹುದು. ಏರಿನಲ್ಲಿ ನಂಬರು ದಿಢೀರನೆ ಬಿದ್ದರೆ ಖುಷಿ ಪಡಬೇಡಿ, ಕೂಡಲೇ ಎಂಜಿನ್ ಬಂದ್ ಮಾಡಿ.

ಪ್ರಶ್ನೆ (ಕಾರವಾರದಿಂದ): ನಾನು ಗೇಜ್ ಹಾಕಿಸಿ ಎರಡು ತಿಂಗಳಾಯಿತು. ಕೆಲಸದ ಮೇಲೆ 15 ದಿನ ಹೊರಗಿದ್ದು ಬಂದರೆ ಕಾರು ಸ್ಟಾರ್ಟೇ ಆಗುವುದಿಲ್ಲ. ಬ್ಯಾಟರಿ ಹೊಸದು. ಗೇಜಿನಿಂದಲೇ ಹೀಗಾಗುತ್ತಿದೆಯಾ?

ಉತ್ತರ: ಹೆಚ್ಚುಕಡಿಮೆ ಅದೇ ಕಾರಣ. ಆ ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟು ಬರುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಗೇಜ್ ನಿದ್ದೆಗೆ ಹೋಗದೆ 50 ಮಿಲಿ ಆಂಪಿಯರ್ ಎಳೆಯುತ್ತಿದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್ ಅವರ್, 15 ದಿನಕ್ಕೆ 18. ಸಣ್ಣ ಕಾರಿನ ಬ್ಯಾಟರಿ 35ರ ಆಸುಪಾಸು ಇರುತ್ತದೆ, ಅರ್ಧಕ್ಕಿಂತ ಜಾಸ್ತಿ ಖಾಲಿ ಆಯಿತಲ್ವಾ. ಊರಿಗೆ ಹೋಗುವಾಗ ಕಿತ್ತಿಡಿ, ಇಲ್ಲಾ ಸ್ವಿಚ್ ಇರುವ ಎಕ್ಸ್‌ಟೆನ್ಶನ್ ಕೇಬಲ್ ಹಾಕಿಸಿ. ಇದೇ ಗೇಜಿನಲ್ಲಿ ವೋಲ್ಟೇಜೂ ನೋಡಿ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು 12.4ಕ್ಕಿಂತ ಮೇಲಿರಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7. ನಿಮ್ಮಲ್ಲಿ ಸಮುದ್ರದ ಉಪ್ಪು ಗಾಳಿ ಬೇರೆ. ಟರ್ಮಿನಲ್ ಮೇಲೆ ಹಸಿರು ಕಿಲುಬು ಕೂತಿದ್ದರೆ ಬಿಸಿನೀರಲ್ಲಿ ತೊಳೆದು, ಒಣಗಿಸಿ, ವ್ಯಾಸಲಿನ್ ಸವರಿ.

ಪ್ರಶ್ನೆ (ಅಂಕೋಲಾದಿಂದ): ನನ್ನ ಕಾರು 2008ರದ್ದು. ಸಾಕೆಟ್ ಇದೆ, ಗೇಜ್ ಹಾಕಿದರೆ ಏನೂ ಬರುವುದಿಲ್ಲ.

ಉತ್ತರ: ನಮ್ಮಲ್ಲಿ ಓಬಿಡಿ-2 (ಎಲ್ಲ ಗಾಡಿಗೂ ಒಂದೇ ಥರದ ಸಾಕೆಟ್, ಒಂದೇ ಥರದ ಭಾಷೆಯ ಪದ್ಧತಿ) ಕಡ್ಡಾಯವಾದದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಳೆಯ ಎಷ್ಟೋ ಗಾಡಿಗಳಲ್ಲಿ ಸಾಕೆಟ್ ಅದೇ ಆಕಾರದ್ದು ಇದ್ದರೂ ಅದರ ಭಾಷೆ ಬೇರೆ. ಗೇಜ್ ವಾಪಸ್ ಕೊಟ್ಟು, ತನ್ನದೇ ಸೆನ್ಸರ್ ಜೊತೆ ಬರುವ ಟೆಂಪರೇಚರ್ ಮೀಟರ್ ಹಾಕಿಸಿ.

ಪ್ರಶ್ನೆ (ಯಲ್ಲಾಪುರದಿಂದ): ಚೆಕ್ ಎಂಜಿನ್ ದೀಪವನ್ನು ಗೇಜಿನಿಂದಲೇ ಆರಿಸಬಹುದಾ?

ಉತ್ತರ: ಆರಿಸಬಹುದು, ಆದರೆ ಮೊದಲು ಗೇಜ್ ತೋರಿಸುವ ತೊಂದರೆಯ ಕೋಡ್ ಬರೆದುಕೊಳ್ಳಿ. ಅಳಿಸಿದರೆ ತೊಂದರೆ ಆದ ಕ್ಷಣದ ಆರ್‌ಪಿಎಂ, ಟೆಂಪರೇಚರ್ ದಾಖಲೆಯೂ ಅದರ ಜೊತೆಗೇ ಹೋಗುತ್ತದೆ, ಆಮೇಲೆ ಮೆಕ್ಯಾನಿಕ್ ಕತ್ತಲಲ್ಲಿ ತಡಕಬೇಕಾಗುತ್ತದೆ. ಕಾರಣ ಸರಿಯಾಗದಿದ್ದರೆ ದೀಪ ಹೇಗೂ ಮತ್ತೆ ಹತ್ತುತ್ತದೆ. ಪೆಟ್ರೋಲ್ ಕಾರಿನಲ್ಲಿ ದೀಪ ಮಿಟುಕುತ್ತಿದ್ದರೆ ಹೆಚ್ಚಾಗಿ ಮಿಸ್‌ಫೈರ್ ಅಂತ ಅರ್ಥ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಸುಡದೆ ಉಳಿದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಸುಟ್ಟುಹೋಗಬಹುದು. ಅಂಥ ಗಾಡಿ ತಗೊಂಡು ಅರಬೈಲ್ ಘಟ್ಟ ಹತ್ತಬೇಡಿ, ಹತ್ತಿರದ ಗ್ಯಾರೇಜಿಗೆ ನಿಧಾನಕ್ಕೆ ಓಡಿಸಿ.