ಹಾಲೂಡುವ ತಾಯಿ ರಾತ್ರಿಯೂಟ ಬಿಡಬಹುದೇ?

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು, ಎದೆಹಾಲು ಮಾತ್ರ ಕೊಡುತ್ತಿದ್ದೇನೆ. ಸಿಸೇರಿಯನ್ ಹೆರಿಗೆಯಾಗಿತ್ತು. ಬಸಿರಾಗುವ ಮೊದಲು 56 ಕಿಲೋ ಇದ್ದವಳು ಈಗ 67 ಕಿಲೋ ಆಗಿದ್ದೇನೆ. ಮೂರು ವಾರಗಳಿಂದ ರಾತ್ರಿಯೂಟ ಬಿಟ್ಟು ಬಿಸಿನೀರಿಗೆ ಜೇನು, ನಿಂಬೆರಸ ಬೆರೆಸಿ ಕುಡಿದು ಮಲಗುತ್ತೇನೆ. ಬೆಳಿಗ್ಗೆ ಏಳುವಾಗ ತಲೆ ಸುತ್ತುತ್ತದೆ. ಹಾಲು ಬತ್ತೀತು ಎಂದು ಅತ್ತೆ ಹೆದರುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಇಂದು ರಾತ್ರಿಯಿಂದಲೇ ಊಟ ಮಾಡಲು ತೊಡಗಿ. ತೂಕ ಇಳಿಸುವ ಆಸೆ ತಪ್ಪಲ್ಲ, ಹಿಡಿದ ದಾರಿ ಮಾತ್ರ ಸರಿಯಿಲ್ಲ. ಮಗು ಚೆನ್ನಾಗಿ ಚೀಪಿ ಎದೆ ಬರಿದು ಮಾಡುತ್ತಿರುವವರೆಗೆ ಹಾಲು ಸುಲಭವಾಗಿ ಬತ್ತುವುದಿಲ್ಲ. ಏಕೆಂದರೆ ತಾಯಿ ಕಡಿಮೆ ಉಂಡಾಗ ದೇಹವು ತನ್ನ ಸಂಗ್ರಹವನ್ನು, ಮೂಳೆಯಲ್ಲಿರುವ ಕ್ಯಾಲ್ಸಿಯಂ ಅನ್ನು ಕೂಡ, ತೆಗೆದು ಹಾಲಿಗೆ ಕೊಡುತ್ತದೆ. ಹಾಗಾಗಿ ಉಪವಾಸದ ಪೆಟ್ಟು ಮೊದಲು ಬೀಳುವುದು ನಿಮ್ಮ ಮೇಲೆ. ಆದರೆ ಬಿ12 ಜೀವಸತ್ವದ ವಿಷಯ ಬೇರೆ; ತಾಯಿಯಲ್ಲಿ ಅದು ಕಡಿಮೆಯಾದರೆ ಹಾಲಿನಲ್ಲೂ ಕಡಿಮೆಯಾಗುತ್ತದೆ. ಸಸ್ಯಾಹಾರಿಯಾಗಿದ್ದರೆ ಇದನ್ನು ಪರೀಕ್ಷಿಸಿಕೊಳ್ಳಿ.

ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಇದರಲ್ಲಿ ಒಂದಿಷ್ಟು ಬಸಿರಿನಲ್ಲಿ ಕೂಡಿದ ಕೊಬ್ಬಿನಿಂದ ಬಂದರೆ ವಾರಕ್ಕೆ ಅರ್ಧ ಕಿಲೋದವರೆಗೆ ಇಳಿಯಬಹುದು, ಅದಕ್ಕಿಂತ ಅವಸರ ಬೇಡ. ನಿಮ್ಮ ಹನ್ನೊಂದು ಕಿಲೋ ಇಳಿಯಲು ಏಳೆಂಟು ತಿಂಗಳು ಹಿಡಿದರೂ ಅದು ಸೋಲಲ್ಲ.

ನಮ್ಮ ಮನೆಗಳಲ್ಲಿ ಬಾಣಂತನ ಮುಗಿದ ಮೇಲೂ ತುಪ್ಪ, ಲೇಹ್ಯಗಳು ಮುಂದುವರಿಯುವುದುಂಟು. ಊಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಚಮಚ ತುಪ್ಪವೆಂದರೆ ಸುಮಾರು 180 ಕ್ಯಾಲೊರಿ; ಮೊದಲು ಕೈ ಹಿಡಿಯಬೇಕಾದುದು ಇಲ್ಲಿ, ಮತ್ತೆ ಸಂಜೆಯ ಬೇಕರಿ ತಿಂಡಿಯಲ್ಲಿ. ರಾತ್ರಿಗೆ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಅದರೊಂದಿಗೆ ಹೆಸರುಕಾಳಿನ ಪಲ್ಯ, ಬಸಳೆಯ ಸಾರು, ಮೀನು ತಿನ್ನುವವರಾದರೆ ಹುರಿಯದೆ ಸಾರು ಮಾಡಿದ ಬಂಗುಡೆ ಅಥವಾ ಬೂತಾಯಿ ಸಾಕು. ನಡುರಾತ್ರಿ ಹಾಲೂಡಿಸಿದ ಮೇಲೆ ಕಾಡುವ ಹಸಿವು ನಿಜವಾದ ಹಸಿವು. ಅದನ್ನು ನೀರಿನಿಂದ ಅಡಗಿಸದೆ ಒಂದು ಬಾಳೆಹಣ್ಣು ತಿನ್ನಿ.

ವೈದ್ಯರು ಒಪ್ಪಿದರೆ ಮಗುವಿಗೆ ಹಾಲೂಡಿಸಿ ಎದೆ ಹಗುರಾದ ಮೇಲೆ, ಗುಡ್ಡದ ಏರು ಬಿಟ್ಟು ಸಮತಟ್ಟಿನಲ್ಲಿ, ಹದಿನೈದು ನಿಮಿಷದ ನಡಿಗೆಯಿಂದ ಆರಂಭಿಸಿ. ಬೆವರಿದರೆ ಹಾಲು ಕೆಡುವುದಿಲ್ಲ. ಅಂಗಾತ ಮಲಗಿ ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಉಬ್ಬು ಕಂಡರೆ ಸ್ನಾಯುಗಳು ಇನ್ನೂ ಕೂಡಿಲ್ಲವೆಂದರ್ಥ. ಆಗ ಹೊಟ್ಟೆಗೆ ಬಿಗಿಯುವ ವ್ಯಾಯಾಮ ಬೇಡ. ತೂಕ ಇಳಿಸುವ ಪುಡಿ, ಮಾತ್ರೆಗಳನ್ನು ಮುಟ್ಟಬೇಡಿ. ಅನ್ನ, ಕಾಳು, ಹಣ್ಣುಗಳನ್ನೆಲ್ಲ ಬಿಡಿಸುವ ಕೀಟೋ ಪಥ್ಯದಿಂದ ಹಾಲೂಡುವ ತಾಯಂದಿರ ರಕ್ತ ಆಮ್ಲೀಯವಾಗಿ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ತಲೆಸುತ್ತನ್ನು ಮಾತ್ರ ಕಡೆಗಣಿಸಬೇಡಿ. ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದೊತ್ತಡ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗಳ ಬಗ್ಗೆ ಕೇಳಿ, ಮಗುವಿನ ತೂಕವನ್ನೂ ನೋಡಿಸಿ. ಹೆರಿಗೆಯ ನಂತರ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕು. ನಡುವೆ ನಿಲ್ಲಿಸಿದ್ದರೆ ಆಶಾ ಕಾರ್ಯಕರ್ತೆಯಿಂದ ಕೇಳಿ ಪಡೆದು ಮತ್ತೆ ಆರಂಭಿಸಿ.