ಓದುಗರ ಪ್ರಶ್ನೆ: ಕಾಫಿ ಬಳಿದ ಚಿತ್ರಕ್ಕೆ ಬೂಷ್ಟು ಬಂತು, ಈಗೇನು ಮಾಡಲಿ?

ಜೂನ್ ಶುರುವಾದರೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಥರ. ಊರು ಬೇರೆ, ಫೋಟೊ ಬೇರೆ, ಕಥೆ ಅದೇ. ಏಪ್ರಿಲ್‌ನಲ್ಲಿ ಚೆನ್ನಾಗಿತ್ತು, ಈಗ ಬೆಳ್ಳಗಾಗಿದೆ, ಕೈಗೆ ಅಂಟುತ್ತಿದೆ, ವಾಸನೆ ಬರುತ್ತಿದೆ. ಹೋದ ವರ್ಷವೂ ಇದಕ್ಕೆ ಉತ್ತರ ಬರೆದಿದ್ದೆ. ಮಡಿಕೇರಿಯಲ್ಲಿ ಚಿತ್ರಗಳ ದುರಸ್ತಿ ಮಾಡುವ ನನಗೆ ಮಳೆಗಾಲದ ಅರ್ಧ ದಿನ ಇದರಲ್ಲೇ ಹೋಗುತ್ತದೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಉದ್ದಕ್ಕೆ ಬರೆದಿದ್ದೇನೆ. ಉಳಿದವಕ್ಕೆ ಚುಟುಕಾಗಿ. ಜೆಸ್ಸೊ ಅಂದರೇನು, ಯಾವ ಬ್ರಷ್ ಕೊಳ್ಳಬೇಕು ಎಂಬುದನ್ನೆಲ್ಲ ಇಲ್ಲಿ ಕೇಳಬೇಡಿ.

ಆ ಉದ್ದದ ಪ್ರಶ್ನೆ ಮಡಿಕೇರಿ ಹತ್ತಿರದ ಗಾಳಿಬೀಡಿನ ಓದುಗರೊಬ್ಬರದು: ನಾನು ಗಾಳಿಬೀಡಿನವಳು. ದಪ್ಪ ಕಾಗದದ ಮೇಲೆ ಕಾಫಿ ಡಿಕಾಕ್ಷನ್‌ನಿಂದ ಬೆಟ್ಟ, ಮಂಜು ಬಳಿದೆ. ಹಳೇ ಪೇಪರ್ ತುಂಡು, ಒಣಗಿದ ಸಿಲ್ವರ್ ಓಕ್ ಎಲೆ ಅಂಟಿಸಿದೆ. ಅಕ್ರಿಲಿಕ್ ಬಣ್ಣದಲ್ಲಿ ಮನೆ ಬರೆದೆ. ಕೊನೆಗೆ ಹೊಳಪು ಬರಲಿ ಅಂತ ಬಿಳಿ ಗಮ್‌ಗೆ ನೀರು ಬೆರೆಸಿ ಇಡೀ ಚಿತ್ರಕ್ಕೆ ಬಳಿದೆ. ಮುಗಿಸಿದ್ದು ಮೇ ಕೊನೆಗೆ. ಜುಲೈಯಲ್ಲಿ ಕಾಗದ ಡೊಂಕಾಯಿತು, ಮೇಲೆಲ್ಲ ಹಾಲಿನ ಹಾಗೆ ಬಿಳಿಚಿಕೊಂಡಿತು, ಎಲೆಯ ಸುತ್ತ ಬೂಷ್ಟು ಬಂತು. ಮಂಜಿನ ಜಾಗದಲ್ಲಿ ಕಂದು ಬಣ್ಣ ಹರಡಿ ನಾನು ಅಂದುಕೊಂಡಿದ್ದೇ ಬೇರೆ, ಆಗಿದ್ದೇ ಬೇರೆ. ಸರಿ ಮಾಡಬಹುದಾ?

ಮೊದಲು ಅದನ್ನು ಬೇರೆ ಚಿತ್ರಗಳ ಪಕ್ಕದಿಂದ ಎತ್ತಿ. ಈ ಸಾಲು ಓದಿದ ಕೂಡಲೇ ಎದ್ದು ಹೋಗಿ ಎತ್ತಿ. ಬೂಷ್ಟು ಒಂದು ಹಾಳೆಯಿಂದ ಇನ್ನೊಂದಕ್ಕೆ ಹಬ್ಬುತ್ತದೆ.

ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಹಸಿ ಬೂಷ್ಟನ್ನು ಒರೆಸಿದರೆ ಅದು ಕಾಗದದ ನಾರಿನೊಳಗೆ ಇಳಿದು ಕಲೆಯಾಗಿ ಕೂರುತ್ತದೆ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಹತ್ತಿರಕ್ಕೂ ತರಬೇಡಿ. ಮೊದಲು ಒಣಗಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಬೀರುವಿನೊಳಗೆ ಬಲ್ಬ್ ಉರಿಸಿಡುತ್ತೇವಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ. ಆದರೆ ಬಿಸಿಯಾಗುವ ಹಳೇ ಬಲ್ಬೇ ಬೇಕು. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಬೀರು ಬೆಚ್ಚಗಾಗುವುದಿಲ್ಲ. ಬಲ್ಬ್ ಕೆಳಗಿರಲಿ, ಚಿತ್ರ ಮೇಲಿನ ತಟ್ಟೆಯಲ್ಲಿರಲಿ. ನಡುವೆ ಬಟ್ಟೆ, ಕಾಗದ ಏನೂ ಬೇಡ, ಬೆಂಕಿಯ ಭಯ ನನಗೆ ಜಾಸ್ತಿ. ಬಾಗಿಲು ಎರಡು ಬೆರಳು ತೆರೆದಿರಲಿ, ತೇವ ಹೊರಗೆ ಹೋಗಬೇಕು. ಅದಕ್ಕಿಂತ ಒಳ್ಳೇದು, ಮೈಸೂರಿನಲ್ಲಿ ನೆಂಟರಿದ್ದರೆ ಹದಿನೈದು ದಿನ ಅಲ್ಲಿಗೆ ಕಳಿಸಿ. ಕುಶಾಲನಗರವಾದರೂ ಆದೀತು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ, ಸುಮಾರು 30 ಕಿಲೋಮೀಟರ್ ಕೆಳಗಿನ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ.

ಪೂರ್ತಿ ಒಣಗಿದ ಮೇಲೆ ಬೂಷ್ಟು ಪುಡಿಯಾಗುತ್ತದೆ. ಆಗ ಮಾಸ್ಕ್ ಹಾಕಿಕೊಂಡು, ಜಗಲಿಗೆ ತಂದು, ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬೀಸುವ ಹಾಗೆ ನಿಂತು, ಮೆತ್ತನೆ ಬ್ರಷ್‌ನಲ್ಲಿ ಹಗುರವಾಗಿ ತೆಗೆಯಿರಿ. ಉಬ್ಬಸ ಇರುವವರು ಈ ಕೆಲಸ ಮಾಡಲೇಬಾರದು.

ಇನ್ನು ಬಿಳಿಚಿಕೊಂಡದ್ದು. ನೀವು ಬಳಿದದ್ದು ಬಡಗಿಗಳು ಮರಕ್ಕೆ ಹಚ್ಚುವ ಗಮ್. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಕಣಗಳು ಅದರಲ್ಲಿವೆ. ನೀರು ಹೋದರೆ ಕಣಗಳು ಒಂದಕ್ಕೊಂದು ಬೆಸೆದು ಗಾಜಿನ ಹಾಗೆ ತಿಳಿಯಾಗುತ್ತವೆ. ನೀರು ಒಳಗೇ ಉಳಿದರೆ ಬೆಳ್ಳಗೆ ಕಾಣುತ್ತದೆ. ಈ ಗಮ್ ಒಮ್ಮೆ ಒಣಗಿದ ಮೇಲೂ ತೇವ ಕುಡಿದು ಮತ್ತೆ ಮೆತ್ತಗಾಗುತ್ತದೆ. ಅಂದರೆ ಈಗ ಒಣಗಿಸಿದರೆ ಬಿಳುಪು ಬಹುಪಾಲು ಹೋಗುತ್ತದೆ, ಬರುವ ಜೂನ್‌ನಲ್ಲಿ ಮತ್ತೆ ಬರುತ್ತದೆ. ಕೆರೆದು ತೆಗೆಯಲು ಹೋದರೆ ಕೆಳಗಿನ ಕಾಫಿಯೂ ಕಿತ್ತು ಬರುತ್ತದೆ. ಬೇಡ. ಅಕ್ರಿಲಿಕ್ ಬಣ್ಣದ ಜತೆ ಬಳಸುವ ಬಣ್ಣವಿಲ್ಲದ ದ್ರವ, ಅಂದರೆ ಅಕ್ರಿಲಿಕ್ ಮೀಡಿಯಂ ಬೇರೆ, ಬಿಳಿ ಗಮ್ ಬೇರೆ. ಎರಡೂ ಡಬ್ಬಿಯಲ್ಲಿ ಹಾಲಿನ ಹಾಗೆ ಕಾಣುತ್ತವೆ ಅಂತ ಎರಡೂ ಒಂದೇ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಎರಡು ಗಂಟೆಯ ವರ್ಕ್‌ಶಾಪ್ ನಡೆಸಿ, ನೀರು ಬೆರೆಸಿದ ಬಡಗಿ ಗಮ್ಮನ್ನು ಚಿಕ್ಕ ಬಾಟಲಿಗೆ ತುಂಬಿ 'ಸೀಲರ್' ಅಂತ ಮಾರುವವರಿದ್ದಾರೆ. ಅವರಿಂದ ಹಾಳಾದ ಚಿತ್ರಗಳು ನನ್ನ ಮೇಜಿಗೆ ಬರುತ್ತವೆ. ಮಕ್ಕಳು ವಾರಗಟ್ಟಲೆ ಕೂತು ಮಾಡಿದ ಕೆಲಸ ಅದು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾಫಿ ಹರಡಿದ್ದೂ ಆ ನೀರಿನಿಂದಲೇ. ಕಾಫಿ ಕಾಗದದ ಮೇಲೆ ಒಣಗಿದರೂ ನೀರಿಗೆ ಕರಗುವ ಗುಣ ಬಿಡುವುದಿಲ್ಲ. ಅದರ ಮೇಲೆ ಒದ್ದೆ ಬ್ರಷ್ ಎಳೆದರೆ ಮೇಲೆದ್ದು ಬರುತ್ತದೆ. ಚಿಕೋರಿ ಸೇರಿದ ಪುಡಿಯಾದರೆ ಇನ್ನೂ ಕಷ್ಟ. ಚಿಕೋರಿಯಲ್ಲಿ ಸಕ್ಕರೆ ಅಂಶ ಇರುವುದರಿಂದ ತೇವ ಎಳೆದುಕೊಂಡು ಅಂಟಾಗುತ್ತದೆ, ಬೂಷ್ಟಿಗೂ ಅದೇ ಊಟ. ಮುಂದಿನ ಸಲ ಚಿಕೋರಿ ಇಲ್ಲದ ಡಿಕಾಕ್ಷನ್ ಬಳಸಿ. ಅದು ಒಣಗಿದ ಮೇಲೆ ಬಣ್ಣ ಕದಲದ ಹಾಗೆ ಹಿಡಿದಿಡುವ, ನೀರಿಲ್ಲದ ಸ್ಪ್ರೇ ಫಿಕ್ಸೆಟಿವ್ ಅನ್ನು ತೆಳ್ಳಗೆ ಎರಡು ಮೂರು ಸಲ, ಮನೆಯ ಹೊರಗೆ ನಿಂತು ಹೊಡೆಯಿರಿ. ಆಮೇಲೆ ಅಕ್ರಿಲಿಕ್. ಪೇಪರ್ ತುಂಡು ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ. ಅದರ ಬದಲು ಒಳ್ಳೆ ಕಾಗದದ ಮೇಲೆ ಲೇಸರ್ ಜೆರಾಕ್ಸ್ ತೆಗೆಸಿ ಅಂಟಿಸಿ. ಇಂಕ್‌ಜೆಟ್ ಪ್ರಿಂಟ್ ಬೇಡ, ಒದ್ದೆಯಾದರೆ ಶಾಯಿ ಕದಡುತ್ತದೆ.

ಒಂದು ಮಾತು ಕೇಳಬೇಕು ಅನ್ನಿಸುತ್ತದೆ. ಕಾಫಿ ಬೀಜ ಒಣಗಿದೆಯಾ ಅಂತ ಹಲ್ಲಲ್ಲಿ ಕಚ್ಚಿ ನೋಡುವ ಜನ ನಾವು. ಕಣದಲ್ಲಿ ಹರಡಿ, ಗಳಿಗೆಗೊಮ್ಮೆ ಕೈಯಾಡಿಸಿ, ತೇವ 11 ಶೇಕಡಾ ಆಸುಪಾಸಿಗೆ ಇಳಿಯುವ ತನಕ ಚೀಲ ಕಟ್ಟುವುದಿಲ್ಲ. ಅರೆ ಒಣಗಿದ ಕಾಫಿ ಹಣ್ಣು ರಾಶಿ ಹಾಕಿದರೆ ಏನಾಗುತ್ತದೆ ಅಂತ ಮನೆಯ ಮಗುವಿಗೂ ಗೊತ್ತು. ಅದೇ ನಾವು ಒಂದು ಸಂಜೆಯಲ್ಲಿ ಐದು ಪದರ ಒಂದರ ಮೇಲೊಂದು ಯಾಕೆ ಬಳಿಯುತ್ತೇವೆ? ಮುಟ್ಟಿದರೆ ಕೈಗೆ ಅಂಟಲಿಲ್ಲ ಅಂದ ಮಾತ್ರಕ್ಕೆ ಒಣಗಿದೆ ಅಂತಲ್ಲ. ದಪ್ಪ ಅಕ್ರಿಲಿಕ್‌ನ ಒಳಗಿನ ನೀರು ಹೋಗಲು ವಾರಗಳೇ ಬೇಕು. ಗಾಳಿಯ ತೇವ ತೋರಿಸುವ ಚಿಕ್ಕ ಮೀಟರ್ ಸಿಗುತ್ತದೆ, ಕೊಂಡು ಗೋಡೆಗೆ ಹಾಕಿ. ಅದು 65 ಶೇಕಡಾ ದಾಟಿದರೆ ನಾನು ವಾರ್ನಿಶ್ ಡಬ್ಬಿ ತೆರೆಯುವುದಿಲ್ಲ. ಮಳೆಗಾಲದಲ್ಲಿ ಸ್ಕೆಚ್ ಮಾಡುತ್ತೇನೆ, ಅಂಟಿಸುವ ಕೆಲಸ ಡಿಸೆಂಬರ್‌ಗೆ ಇಡುತ್ತೇನೆ.

ಡೊಂಕು ನೆಟ್ಟಗಾಗಲಿ ಅಂತ ಈಗ ಪುಸ್ತಕದ ಕೆಳಗೆ ಇಡಬೇಡಿ. ಅಂಟಂಟಾಗಿರುವ ಮುಖ ಮೇಲಿನದಕ್ಕೆ ಹಿಡಿದುಕೊಂಡರೆ ಬಿಡಿಸಲು ನನ್ನಿಂದಲೂ ಆಗುವುದಿಲ್ಲ. ಒಣಗಿದ ಮೇಲೆ ಮುಖಕ್ಕೆ ಸಿಲಿಕೋನ್ ಹಚ್ಚಿದ ಬೇಕಿಂಗ್ ಶೀಟ್ ಇಟ್ಟು ಭಾರ ಹೇರಿ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಬಾರದು. ಮಳೆ ಹೊಡೆಯುವ ಗೋಡೆಗೆ ನೇತು ಹಾಕಬೇಡಿ, ಒಳಗಿನ ಗೋಡೆಗೆ ಹಾಕಿ.

ಮಂಜಿನ ಜಾಗವನ್ನು ಮಾತ್ರ ಮುಟ್ಟಬೇಡಿ. ನೀವು ಕಳಿಸಿದ ಎರಡೂ ಫೋಟೊ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲಿನ ಮಂಜು ಪಟ್ಟಿ ಎಳೆದ ಹಾಗಿತ್ತು. ಈಗ ಕಂದು ಬಣ್ಣ ಬೆಟ್ಟದ ಮೈಮೇಲೆ ಹರಿದು, ಎಲ್ಲಿ ಬೆಟ್ಟ ಮುಗಿಯಿತು, ಎಲ್ಲಿ ಮಂಜು ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಗಾಳಿಬೀಡಿನ ಬೆಳಗ್ಗೆ ಹಾಗೇ ಇರುತ್ತದೆ ಅಲ್ವಾ?

ಯೋಚಿಸಿದ್ದಕ್ಕಿಂತ ಬೇರೆ ಆಗುವುದರಲ್ಲಿ ಎರಡು ಬಗೆ ಇದೆ. ಒಂದು, ಆಗಿ ನಿಂತದ್ದು. ಇನ್ನೊಂದು, ಇನ್ನೂ ಆಗುತ್ತಲೇ ಇರುವುದು. ಫ್ರೆಂಚ್ ಕಲಾವಿದ ಮಾರ್ಸೆಲ್ ದುಷಾಂಪ್ ಗಾಜಿನ ಮೇಲೆ ಮಾಡಿದ ದೊಡ್ಡ ಕೃತಿಯೊಂದು 1926ರಲ್ಲಿ ಶುರುವಾದ ಪ್ರದರ್ಶನ ಮುಗಿದು ವಾಪಸು ಬರುವಾಗ ಒಡೆಯಿತು. ಅವನು 1936ರಲ್ಲಿ ಚೂರುಗಳನ್ನು ಜೋಡಿಸಿ, ಬಿರುಕುಗಳನ್ನು ಹಾಗೇ ಬಿಟ್ಟ. ಆ ಬಿರುಕುಗಳು ಅಲ್ಲಿಗೆ ನಿಂತವು, ಕೃತಿಯ ಭಾಗವಾದವು. ಲಿಯನಾರ್ಡೊ ಡಾ ವಿಂಚಿಯ 'ಕೊನೆಯ ಭೋಜನ' ಇದಕ್ಕೆ ಉಲ್ಟಾ. ಹಸಿ ಗಾರೆಯ ಮೇಲೆ ಬೇಗ ಬೇಗ ಬರೆಯುವ ರೂಢಿ ಬಿಟ್ಟು, ಒಣಗಿದ ಗೋಡೆಯ ಮೇಲೆ ನಿಧಾನವಾಗಿ ಬರೆಯಲು ಅವನು ಹೊಸ ಪ್ರಯೋಗ ಮಾಡಿದ. ಅವನು ಬದುಕಿರುವಾಗಲೇ ಬಣ್ಣ ಉದುರಲು ಶುರುವಾಯಿತು, ಮುಂದೆಯೂ ಉದುರುತ್ತಲೇ ಹೋಯಿತು. 1977ರಿಂದ 1999ರವರೆಗೆ ಅದರ ದುರಸ್ತಿ ನಡೆಯಿತು. ನಿಮ್ಮ ಚಿತ್ರದಲ್ಲಿ ಹರಡಿದ ಕಾಫಿ ಒಣಗಿದರೆ ಅಲ್ಲಿಗೆ ನಿಲ್ಲುತ್ತದೆ, ಅದನ್ನು ಇಟ್ಟುಕೊಳ್ಳಿ. ಬೂಷ್ಟು, ಗಮ್, ತೇವ ಕುಡಿದ ಎಲೆ ನಿಂತಿಲ್ಲ, ಅವನ್ನು ನಿಲ್ಲಿಸಬೇಕು. ಎಲೆಯನ್ನು ತೆಗೆದೇಬಿಡಿ. ಅದರ ಅಚ್ಚು ಅಲ್ಲಿ ಉಳಿದಿರುತ್ತದೆ, ಸಾಕು.

ಬೂಷ್ಟು ಬಾರದಿರಲು ಅಂಟಿಗೆ ಮೈಲುತುತ್ತು ಬೆರೆಸಿ ಎಂದು ಒಬ್ಬರು ಹೇಳಿದರು. ತೋಟಕ್ಕೆ ಹೊಡೆಯುತ್ತೇವಲ್ಲ? (ಸಿದ್ದಾಪುರ)

ಬೇಡ, ಬೇಡ, ಬೇಡ. ಕಾಫಿ ಗಿಡಕ್ಕೆ ಮೈಲುತುತ್ತು, ಸುಣ್ಣ ಸೇರಿದ ಬೋರ್ಡೋ ದ್ರಾವಣ ಹೊಡೆಯುವುದು ಸರಿ. ಕಾಗದ ಗಿಡವಲ್ಲ. ಮೈಲುತುತ್ತಿನಲ್ಲಿರುವ ತಾಮ್ರದ ಅಂಶ ಕಾಗದದ ನಾರನ್ನು ತಿನ್ನುತ್ತದೆ. ಹಳೇ ನಕ್ಷೆಗಳಲ್ಲಿ ತಾಮ್ರದ ಹಸಿರು ಬಳಿದ ಜಾಗ ಕಂದಾಗಿ ತೂತು ಬೀಳುವುದು ಇದರಿಂದಲೇ. ಮೇಲಾಗಿ ಅದು ವಿಷ. ಮಕ್ಕಳು ಅಂಟು ಮುಟ್ಟಿದ ಕೈಯಲ್ಲೇ ಊಟಕ್ಕೆ ಕೂರುತ್ತಾರೆ. ಇದನ್ನು ಹೇಳಿದವರ ಮಾತು ಇನ್ನು ಯಾವ ವಿಷಯಕ್ಕೂ ಕೇಳಬೇಡಿ.

ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ಬಳಿದೆ, ಸಿಪ್ಪೆ ಏಳುತ್ತಿದೆ. (ಕುಶಾಲನಗರ)

ಏಳುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ನಿಲ್ಲುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ.

ಜಲವರ್ಣದ ಮೇಲೆ ಉಪ್ಪು ಉದುರಿಸಿ ನಕ್ಷತ್ರದ ಹಾಗೆ ಮಾಡಿದ್ದೆ. ಈಗ ಚಿತ್ರ ಬೆವರುತ್ತಿದೆ. (ನಾಪೋಕ್ಲು)

ಅಡುಗೆಮನೆಯ ಉಪ್ಪಿನ ಡಬ್ಬಿ ಆಟಿ ತಿಂಗಳ ಮಳೆಯಲ್ಲಿ ಏನಾಗುತ್ತದೋ ಅದೇ ಆಗಿದೆ. ಬಣ್ಣ ಒಣಗಿದ ದಿನವೇ ಹರಳು ಉಜ್ಜಿ ತೆಗೆಯಬೇಕಿತ್ತು. ಈಗ ಒಣಗಿಸಿ, ಕಾಣುವ ಹರಳನ್ನೆಲ್ಲ ಬ್ರಷ್‌ನಲ್ಲಿ ತೆಗೆಯಿರಿ.

ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಬಹುದಾ? ಹೇರ್ ಡ್ರೈಯರ್? (ಶನಿವಾರಸಂತೆ)

ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ, ಮಸಿ ಅದರೊಳಗೆ ಕೂತರೆ ಬಿಡುವುದಿಲ್ಲ. ಅಟ್ಟ ಬೇಡ. ಡ್ರೈಯರ್‌ನ ಬಿಸಿಗೆ ಮೇಲಷ್ಟೇ ಚರ್ಮ ಕಟ್ಟುತ್ತದೆ, ನೀರು ಒಳಗೇ ಉಳಿಯುತ್ತದೆ.

ಕಾಫಿ ಸಮನಾಗಿ ಬಳಿದರೂ ಅಂಚಲ್ಲಿ ಮಾತ್ರ ಕಪ್ಪು ಗೆರೆ ಬರುತ್ತದೆ. (ಮೂರ್ನಾಡು)

ಹನಿಯ ಅಂಚು ಬೇಗ ಆರುತ್ತದೆ. ಆ ಜಾಗ ತುಂಬಲು ನಡುವಿನ ನೀರು ಅಂಚಿಗೆ ಹರಿಯುವಾಗ ಕಣಗಳನ್ನೂ ಎಳೆದೊಯ್ಯುತ್ತದೆ. ಶಿಕಾಗೊದ ಭೌತಶಾಸ್ತ್ರಜ್ಞರು 1997ರಲ್ಲಿ ಇದನ್ನು ವಿವರಿಸಿದರು. ಗೆರೆ ಬೇಡವಾದರೆ ಒದ್ದೆ ಕಾಗದದ ಮೇಲೆ ಬಳಿಯಿರಿ. ನನಗೆ ಆ ಗೆರೆ ಇಷ್ಟ.

ಹುರಿದ ಕಾಫಿ ಬೀಜದ ಮೇಲೆ ರೆಸಿನ್ ಸುರಿದೆ. ಬರೀ ಗುಳ್ಳೆ, ಮೇಲೆ ಜಿಗುಟು. (ಗೋಣಿಕೊಪ್ಪ)

ಬೀಜದೊಳಗಿನ ಗಾಳಿ ಗುಳ್ಳೆಯಾಗಿದೆ. ಜಿಗುಟಿಗೆ ರೆಸಿನ್‌ನ ಎರಡು ದ್ರವ ಬೆರೆಸುವ ಅಳತೆ ತಪ್ಪಿದ್ದು ಅಥವಾ ತೇವದ ಗಾಳಿ ಕಾರಣ. ಇದಕ್ಕಿಂತ ಹೆಚ್ಚು ಹೇಳಲಾರೆ. ರೆಸಿನ್‌ನಿಂದ ನನ್ನ ಎರಡೂ ಕೈ ಗಂದೆ ಎದ್ದು ತಿಂಗಳುಗಟ್ಟಲೆ ನರಳಿದ್ದೇನೆ. ಕೈಗವಸು, ಗಾಳಿಯಾಡುವ ಜಾಗ ಇಲ್ಲದೆ ಅದನ್ನು ಮುಟ್ಟಬೇಡಿ. ಮಕ್ಕಳಿರುವ ಕೋಣೆಯಲ್ಲಂತೂ ಬೇಡವೇ ಬೇಡ.

ಕೊಡವರ ಕಕ್ಕಡ ತಿಂಗಳ 18ರಂದು ಮದ್ದು ಸೊಪ್ಪು ಬೇಯಿಸಿದ ನೀರನ್ನೇ ಶಾಯಿ ಮಾಡಿ ಅಜ್ಜಿಯ ಚಿತ್ರ ಬರೆದೆ. ಎಂಥ ನೇರಳೆ ಬಣ್ಣ! ಕೆಲವನ್ನು ಕಿಟಕಿ ಪಕ್ಕ ಅಂಟಿಸಿದ್ದೆ. ಈಗ ಬೂದಿ ಬಣ್ಣ. (ವಿರಾಜಪೇಟೆ)

ಇದನ್ನು ಓದಿ ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಕಕ್ಕಡ 18 ಬರುವ ಆಗಸ್ಟ್ 3ರ ಹೊತ್ತಿಗೆ ಪಾಯಸಕ್ಕೆ ಹಾಕುವ ಆ ನೀರಿನ ಬಣ್ಣ ನೋಡಿದ ಯಾರಿಗಾದರೂ ಬ್ರಷ್ ಅದ್ದುವ ಆಸೆ ಬರುತ್ತದೆ. ಆದರೆ ಸೊಪ್ಪಿನ ಬಣ್ಣ, ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತವೆ. ನಮ್ಮ ಕೆಂಪು ಮಣ್ಣಿನ ಬಣ್ಣ ಮಾಸುವುದಿಲ್ಲ, ಅದು ಕಬ್ಬಿಣದ ತುಕ್ಕಿನ ಜಾತಿ. ಹೋದ ನೇರಳೆ ವಾಪಸು ಬರುವುದಿಲ್ಲ. ವಾರ್ನಿಶ್ ಬಳಿದರೆ ಬರುತ್ತದೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಮುಂದಿನ ಕಕ್ಕಡದಲ್ಲಿ ಮತ್ತೆ ಬರೆಯಿರಿ, ಹಿಂದೆ ಪೆನ್ಸಿಲ್‌ನಲ್ಲಿ ತಾರೀಕು ಹಾಕಿ, ಆವತ್ತೇ ಸ್ಕ್ಯಾನ್ ಮಾಡಿ, ಮುಚ್ಚಿದ ಆಲ್ಬಮ್‌ನಲ್ಲಿಡಿ. ಕಿಟಕಿ ಪಕ್ಕ ಇನ್ನೂ ಉಳಿದಿರುವ ಹಾಳೆಗಳನ್ನು ಇವತ್ತೇ ತೆಗೆಯಿರಿ.