ಭಾವನವರ ಜೋಡಿಯಾಗಿ ಆಡುವುದನ್ನು ಬಿಡಬೇಕೇ?

ಪ್ರಶ್ನೆ: ನನಗೆ 58 ವರ್ಷ. ಬ್ಯಾಂಕ್ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದಿದ್ದೇನೆ. ಜಯನಗರದ ನಮ್ಮ ಮನೆಯಲ್ಲಿ ಕೆಳಗಡೆ ಭಾವನವರ ಸಂಸಾರ, ಮಹಡಿಯಲ್ಲಿ ನಾವು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಬ್ರಿಜ್, ಅಂದರೆ ಇಬ್ಬಿಬ್ಬರು ಜೋಡಿಯಾಗಿ ಆಡುವ ಇಸ್ಪೀಟಿನಾಟ, ಕಲಿಸಿದವರೇ ಭಾವನವರು. ಅವರು 70ರ ದಶಕದಲ್ಲಿ ಹಾಸ್ಟೆಲಿನಲ್ಲಿ ಕಲಿತವರು. ಪ್ರತಿ ಭಾನುವಾರ ಕ್ಲಬ್ಬಿನಲ್ಲಿ ನಾವಿಬ್ಬರೂ ಜೋಡಿಯಾಗಿ ಆಡುತ್ತೇವೆ. ಲಾಕ್‌ಡೌನ್ ಕಾಲದಲ್ಲಿ ನಾನು ಆನ್‌ಲೈನ್‌ನಲ್ಲಿ ಆಡುತ್ತಾ ಹೊಸ ಪದ್ಧತಿಗಳನ್ನು ಕಲಿತೆ. ಅಂದಿನಿಂದ ಬಿಡ್ಡಿಂಗ್, ಅಂದರೆ ಎಷ್ಟು ಟ್ರಿಕ್ (ಎಲೆ ಹಾಕುವ ಸುತ್ತು) ಗೆಲ್ಲುತ್ತೇವೆಂದು ಕೂಗುವ ವಿಷಯಕ್ಕೆ ಮನಸ್ತಾಪ ಶುರುವಾಗಿದೆ. ಕಳೆದ ತಿಂಗಳು ಅವರು ಒಂದು ಡೈಮಂಡ್ ಎಂದರು, ಎದುರಾಳಿ ಒಂದು ಸ್ಪೇಡ್ ಎಂದರು, ನಾನು ಡಬಲ್ ಹೇಳಿದೆ. ನನ್ನಲ್ಲಿ ಹಾರ್ಟ್‌ನ ರಾಜ, ರಾಣಿ ಸೇರಿ ನಾಲ್ಕು ಎಲೆ ಇದ್ದವು, ಸ್ಪೇಡ್ ಬರೀ ಎರಡು. ಭಾವನವರು ಪಾಸ್ ಹೇಳಿಬಿಟ್ಟರು. ಎದುರಾಳಿ ಒಂದು ಸ್ಪೇಡ್‌ಗೆ ಬೇಕಾದ ಏಳು ಟ್ರಿಕ್ ಮಾಡಿಕೊಂಡರು. ಭಾವನವರು ಎಲೆಗಳನ್ನು ಟೇಬಲ್ ಮೇಲೆ ಎಸೆದು, "ಲೆಕ್ಕ ಬಾರದವರು ಡಬಲ್ ಹೇಳಬಾರದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮೆಟ್ರೋದಲ್ಲಿ ಮನೆಗೆ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ. ಈಗ ಬಯ್ಗುಳದ ಭಯಕ್ಕೆ ಎಲೆ ಚೆನ್ನಾಗಿದ್ದರೂ ಪಾಸ್ ಹೇಳುತ್ತೇನೆ. ಮೊನ್ನೆ ತಂಡಗಳ ಪಂದ್ಯದಲ್ಲಿ ದೊಡ್ಡ ಎಲೆಗಳ ಲೆಕ್ಕದಲ್ಲಿ 16 ಪಾಯಿಂಟ್ ಮತ್ತು ಐದು ಎಲೆಯ ಕ್ಲಬ್ ಇದ್ದೂ ಅವರ ಎರಡು ನೋ ಟ್ರಂಪ್‌ಗೆ (ತುರುಪಿಲ್ಲದೆ ಎಂಟು ಟ್ರಿಕ್) ಪಾಸ್ ಹೇಳಿ ಒಂಬತ್ತು ಟ್ರಿಕ್ ಮಾಡಿದೆ. ಅದಕ್ಕೂ ಬೈಸಿಕೊಂಡೆ. ಅವರು ತಡವಾಗಿ ಪಾಸ್ ಹೇಳಿದರೆ ಅವರಲ್ಲಿ ಏನೋ ಇದೆ ಎಂದು ನನಗೆ ಗೊತ್ತಾಗುತ್ತದೆ, ಅದನ್ನು ನೋಡಿಕೊಂಡು ಹೇಗೋ ಸಂಭಾಳಿಸುತ್ತಿದ್ದೇನೆ. ಗೆಳತಿಯೊಬ್ಬರು ಮುಂದಿನ ಜೋಡಿ ಪಂದ್ಯಾವಳಿಗೆ ತಮ್ಮ ಜೊತೆ ಆಡಲು ಕರೆದಿದ್ದಾರೆ. ಯಜಮಾನರು "ಈ ವಯಸ್ಸಿನಲ್ಲಿ ಇಸ್ಪೀಟಿಗಾಗಿ ಮನೆ ಒಡೆಯುವುದು ಬೇಡ, ಆಟವನ್ನೇ ಬಿಟ್ಟುಬಿಡು" ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳು ಹೆಣೆದುಕೊಂಡಿವೆ. ಆ ಡಬಲ್‌ಗೆ ಏನರ್ಥ ಎಂಬುದು ಒಂದು, ನಾಲ್ಕು ಜನರ ಎದುರು ನಿಮ್ಮನ್ನು ಹಾಗೆ ಗದರಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪು ಇಬ್ಬರದೂ ಇದೆ. ಎರಡನೆಯದರಲ್ಲಿ ತಪ್ಪು ಪೂರ್ತಿಯಾಗಿ ಭಾವನವರದು. ಇವೆರಡನ್ನೂ ಒಂದೇ ಉಸಿರಿನಲ್ಲಿ ಮಾತಾಡಲು ಹೋದರೆ ಅವರು ಬಿಡ್ಡಿಂಗ್ ತಪ್ಪನ್ನು ಮುಂದಿಟ್ಟು ಬಯ್ಗುಳವನ್ನು ಸಮರ್ಥಿಸಿಕೊಳ್ಳುತ್ತಾರೆ, ನೀವು ಬಯ್ಗುಳದ ನೋವಿನಲ್ಲಿ ಬಿಡ್ಡಿಂಗ್ ತಪ್ಪನ್ನು ಒಪ್ಪಿಕೊಳ್ಳದೆ ಹೋಗುತ್ತೀರಿ.

ಡಬಲ್ ವಿಷಯ ಮೊದಲು. ನಿಮ್ಮ ಕೈಯಲ್ಲಿದ್ದ ಎಲೆಗಳಿಗೆ ಇಂದಿನ ಬಹುತೇಕ ಆಟಗಾರರು ನೀವು ಹೇಳಿದ್ದನ್ನೇ ಹೇಳುತ್ತಾರೆ. ಎರಡು ಹಾರ್ಟ್ ಎನ್ನಬೇಕಾದರೆ ಐದು ಎಲೆಯೂ ಇನ್ನಷ್ಟು ಪಾಯಿಂಟೂ ಬೇಕು, ಪಾಸ್ ಹೇಳಿದರೆ ಇಬ್ಬರಲ್ಲೂ ಹಾರ್ಟ್ ಹೆಚ್ಚಿದ್ದರೂ ಅವುಗಳ ಜೋಡಣೆ ತಪ್ಪಿಹೋಗುತ್ತದೆ. ಆದ್ದರಿಂದ "ನನ್ನಲ್ಲಿ ನಾಲ್ಕು ಹಾರ್ಟ್ ಇವೆ, ಮಾತಾಡಿ" ಎನ್ನುವ ನೆಗೆಟಿವ್ ಡಬಲ್. ಈ ಪದ್ಧತಿಯನ್ನು ಅಮೆರಿಕದ ಆಲ್ವಿನ್ ರಾತ್ ಅವರು ಚಾಲ್ತಿಗೆ ತಂದದ್ದು 1957ರಲ್ಲಿ. ಅದೇ ವರ್ಷ ಸ್ಪುಟ್ನಿಕ್ ಉಪಗ್ರಹ ಹಾರಿದ್ದರಿಂದ ಇದಕ್ಕೆ ಸ್ಪುಟ್ನಿಕ್ ಡಬಲ್ ಎಂಬ ಹೆಸರೂ ಬಂತು. ಅದಕ್ಕೂ ಮೊದಲು ಎದುರಾಳಿಯ ಒಂದು ಸ್ಪೇಡ್‌ಗೆ ಹೇಳಿದ ಡಬಲ್ ಎಂದರೆ "ಸ್ಪೇಡ್ ನನ್ನ ಕೈಯಲ್ಲೇ ಇವೆ, ಇವರನ್ನು ಬೀಳಿಸೋಣ" ಎಂದೇ ಅರ್ಥವಿತ್ತು. ಹಳೆಯ ಪುಸ್ತಕಗಳನ್ನು ಓದಿ, ಹಾಸ್ಟೆಲಿನ ಹಿರಿಯರಿಂದ ಕೇಳಿ ಕಲಿತವರಲ್ಲಿ ಆ ಅರ್ಥವೇ ಬಹಳ ಕಾಲ ಉಳಿಯಿತು. ಭಾವನವರು ಪಾಸ್ ಹೇಳಿದ್ದು ತಾವು ಕಲಿತದ್ದಕ್ಕೆ ನಿಷ್ಠರಾಗಿ, ನೀವು ಡಬಲ್ ಹೇಳಿದ್ದು ನೀವು ಕಲಿತದ್ದಕ್ಕೆ ನಿಷ್ಠರಾಗಿ. ಇದರಲ್ಲಿ ಲೆಕ್ಕ ಬಾರದವರು ಯಾರೂ ಇಲ್ಲ.

ಆದರೂ ನಿಮಗೊಂದು ಮಾತು ಹೇಳಲೇಬೇಕು. ಆ ಭಾನುವಾರಕ್ಕೆ ಮೊದಲು ನೀವು ಭಾವನವರೊಡನೆ ಕುಳಿತು "ಇನ್ನು ಮೇಲೆ ಹೀಗೆ ಬಂದಾಗ ಡಬಲ್‌ಗೆ ಈ ಅರ್ಥ" ಎಂದು ಒಪ್ಪಿಸಿಕೊಂಡಿದ್ದೀರಾ? ಪತ್ರದಲ್ಲಿ ಅದರ ಸುಳಿವಿಲ್ಲ. ಒಪ್ಪಂದವಿಲ್ಲದ ಬಿಡ್ ಎಷ್ಟೇ ಆಧುನಿಕವಾಗಿದ್ದರೂ ಎದುರು ಕುಳಿತವರಿಗೆ ಅದು ತಿಳಿಯದ ಭಾಷೆ. ಡಬಲ್ ಆದ ಒಂದು ಸ್ಪೇಡ್ ಗೆದ್ದು ಎದುರಾಳಿಗಳು 160 ಪಡೆದರು. ನೀವಿಬ್ಬರೂ ಹಾರ್ಟ್‌ನಲ್ಲಿ ಒಂಬತ್ತು ಟ್ರಿಕ್ ಮಾಡಿದ್ದರೆ ನಿಮಗೆ 140 ಬರುತ್ತಿತ್ತು. ಆ ಒಂದು ಆಟದಲ್ಲಿ 300 ಪಾಯಿಂಟ್ ಅದಲು ಬದಲಾಗಲು ಕಾರಣ ನೀವಿಬ್ಬರೂ ಮೊದಲೇ ಮಾತಾಡಿಕೊಳ್ಳದೆ ಇದ್ದದ್ದು, ಮತ್ತು ಹೊಸತನ್ನು ತರುವವರು ನೀವಾದ್ದರಿಂದ ಮೊದಲು ಮಾತೆತ್ತುವ ಹೊಣೆ ನಿಮ್ಮದಿತ್ತು.

ಎರಡು ನೋ ಟ್ರಂಪ್‌ಗೆ ಪಾಸ್ ಹೇಳಿದ ಪ್ರಸಂಗದಲ್ಲಿ ನಾನು ಭಾವನವರ ಪರ. 15ರಿಂದ 17 ಪಾಯಿಂಟ್‌ಗೆ ಒಂದು ನೋ ಟ್ರಂಪ್ ಹೇಳುವವರು 16 ಪಾಯಿಂಟ್ ಜೊತೆಗೆ ಐದು ಎಲೆಯ ಸೂಟ್ ಇರುವಾಗ ಪಾರ್ಟ್ನರ್ ಎರಡಕ್ಕೆ ಏರಿಸಿ ಕರೆದರೆ ಮೂರಕ್ಕೆ, ಅಂದರೆ ಒಂಬತ್ತು ಟ್ರಿಕ್‌ಗೆ ದೊಡ್ಡ ಬೋನಸ್ ಬರುವ 'ಗೇಮ್'ಗೆ, ಹೋಗಬೇಕು. ಅದು ತಂಡಗಳ ಪಂದ್ಯವೆಂದು ಬರೆದಿದ್ದೀರಿ. ನಿಮ್ಮ ಕಡೆ ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಆಗಿದ್ದಿದ್ದರೆ 150ರ ಜಾಗದಲ್ಲಿ 600 ಬರುತ್ತಿತ್ತು, ಅಂದರೆ ತಂಡಗಳ ಪಂದ್ಯದ ಅಂಕವಾದ ಐಎಂಪಿ ಲೆಕ್ಕದಲ್ಲಿ 10 ಕೈತಪ್ಪಿತು. ಗೆದ್ದಾಗ ಬರುವ 10 ಐಎಂಪಿಗೂ ಸೋತಾಗ ಹೋಗುವ 6 ಐಎಂಪಿಗೂ ತಾಳೆ ಹಾಕಿದರೆ, ಗೆಲ್ಲುವ ಸಾಧ್ಯತೆ ನೂರಕ್ಕೆ 38ರಷ್ಟಿದ್ದರೂ ಅಲ್ಲಿ ಗೇಮ್ ಹೇಳುವುದೇ ಲಾಭ. ವಲ್ನರಬಲ್ ಅಲ್ಲದಿದ್ದರೆ ಅದು 45ರ ಆಸುಪಾಸು. ಗೆಳತಿ ಕರೆದಿರುವಂಥ ಜೋಡಿ ಪಂದ್ಯದ ಮ್ಯಾಚ್‌ಪಾಯಿಂಟ್ ಲೆಕ್ಕದಲ್ಲಾದರೆ (ಉಳಿದ ಜೋಡಿಗಳ ಸ್ಕೋರಿನೊಡನೆ ಹೋಲಿಸಿ ಅಂಕ ಕೊಡುವುದು) ಅರ್ಧಕ್ಕರ್ಧ ಸಾಧ್ಯತೆ ಬೇಕು. ನೀವು ಬ್ಯಾಂಕಿನಲ್ಲಿ ದುಡಿದವರು, ಈ ಲೆಕ್ಕ ನಿಮಗೆ ನೀರು ಕುಡಿದಷ್ಟು ಸಲೀಸು. ಅಂದು ನಿಮ್ಮ ಕೈ ಪಾಸ್ ಕಾರ್ಡಿಗೆ ಹೋದದ್ದು ಲೆಕ್ಕದಿಂದಲ್ಲ, ಭಯದಿಂದ. ಭಯದಿಂದ ಬಿಡ್ ಮಾಡುವವರ ಮಾತನ್ನು ಪಾರ್ಟ್ನರ್ ನಂಬುವುದನ್ನು ಬಿಡುತ್ತಾನೆ, ಕೊರತೆ ತುಂಬಲು ತಾನೇ ಹೆಚ್ಚು ಹೆಚ್ಚು ಏರಿಸುತ್ತಾನೆ, ಅದು ಬಿದ್ದಾಗ ಇನ್ನಷ್ಟು ಬಯ್ಗುಳ, ಅದರಿಂದ ಇನ್ನಷ್ಟು ಭಯ. ನಿಮ್ಮ ಪತ್ರವನ್ನು ಓದಿದಾಗ ನನ್ನನ್ನು ಅತಿ ಹೆಚ್ಚು ಕಳವಳಗೊಳಿಸಿದ್ದು ಇದು.

ಇನ್ನೊಂದು ಸಂಗತಿಯನ್ನು ನೀವು ಹಗುರವಾಗಿ ಬರೆದಿದ್ದೀರಿ, ಅದು ಹಗುರವಾದದ್ದಲ್ಲ. ಭಾವನವರು ತಡವಾಗಿ ಪಾಸ್ ಹೇಳುವುದನ್ನು ಗಮನಿಸಿ ಆಡುವುದು ಬ್ರಿಜ್‌ನ ಅಂತರರಾಷ್ಟ್ರೀಯ ನಿಯಮಗಳಿಗೆ ವಿರುದ್ಧ. ಪಾರ್ಟ್ನರ್ ತೆಗೆದುಕೊಳ್ಳುವ ಹೊತ್ತು, ಧ್ವನಿಯ ಏರಿಳಿತ, ಮುಖಭಾವ, ನಿಟ್ಟುಸಿರು ಇವುಗಳಿಂದ ತಿಳಿದದ್ದನ್ನು ಉಪಯೋಗಿಸಬಾರದೆಂದು 16ನೆಯ ಮತ್ತು 73ನೆಯ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಎದುರಾಳಿಗಳು ಪಂದ್ಯ ನಡೆಸುವ ಡೈರೆಕ್ಟರನ್ನು ಕರೆದರೆ ಅವರು ನಿಮ್ಮ ಸ್ಕೋರನ್ನು ಬದಲಿಸಬಹುದು. ನೀವು ಮೋಸ ಮಾಡುವ ಮನಸ್ಸಿನವರಲ್ಲವೆಂದು ನಿಮ್ಮ ಬರವಣಿಗೆಯೇ ಹೇಳುತ್ತದೆ. ಬಯ್ಗುಳ ತಪ್ಪಿಸಿಕೊಳ್ಳಲು ಅವರ ಮುಖ ನೋಡುವ ಅಭ್ಯಾಸ ಬೆಳೆದು ಟೇಬಲ್‌ವರೆಗೂ ಬಂದುಬಿಟ್ಟಿದೆ. ಅವರು ಪಾಸ್ ಕಾರ್ಡ್ ಇಟ್ಟ ಮೇಲೆ, ಅವರು ತಟ್ಟನೆ ಇಟ್ಟಿದ್ದರೆ ನೀವು ಏನು ಹೇಳುತ್ತಿದ್ದಿರೋ ಅದನ್ನೇ ಹೇಳಿ.

ಈಗ ಎಲೆ ಎಸೆದ ವಿಷಯ. ಭಾವನವರು ನಿಯಮಕ್ಕೆ ಬೆಲೆ ಕೊಡುವವರಾದರೆ ಅದೇ ನಿಯಮಾವಳಿಯ 74ನೆಯ ನಿಯಮವನ್ನು ಅವರಿಗೆ ತೋರಿಸಿ: ಆಟಗಾರ ಎಲ್ಲ ಹೊತ್ತಿನಲ್ಲೂ ಸೌಜನ್ಯದಿಂದಿರಬೇಕು, ಇನ್ನೊಬ್ಬ ಆಟಗಾರನಿಗೆ ಕಿರಿಕಿರಿಯೋ ಮುಜುಗರವೋ ಆಗುವ ಮಾತನ್ನಾಡಬಾರದು ಎಂದು ಅಲ್ಲಿದೆ. ಆ "ಇನ್ನೊಬ್ಬ ಆಟಗಾರ"ನಲ್ಲಿ ಪಾರ್ಟ್ನರ್ ಕೂಡ ಸೇರುತ್ತಾರೆ. ಅವರು ನಿಮಗೆ ಆಟ ಕಲಿಸಿದ ಗುರು, ಮನೆಗೆ ಹಿರಿಯರು. ಆ ಋಣವನ್ನು ನೀವು ಮರೆಯಬೇಕಿಲ್ಲ, ಮರೆತಿಲ್ಲವೆಂಬುದು ನಿಮ್ಮ ಪತ್ರದಲ್ಲಿ "ಭಾವನವರು" ಎನ್ನುವಾಗಲೆಲ್ಲ ಕಾಣುತ್ತದೆ. ಆದರೆ ಗುರು ಶಿಷ್ಯರು ಎದುರು ಬದುರು ಕುಳಿತ ಮೇಲೆ ಇಬ್ಬರ ಬಿಡ್‌ಗೂ ಒಂದೇ ತೂಕ. ಒಬ್ಬರು ಮಾತ್ರ ತೀರ್ಪು ಕೊಡುವ ಜೋಡಿಯಲ್ಲಿ ಇನ್ನೊಬ್ಬರು ಎಲೆ ಹಿಡಿದ ಗೊಂಬೆಯಾಗುತ್ತಾರೆ.

ಮಾತು ಎತ್ತಬೇಕಾದ್ದು ಮೆಟ್ರೋದಲ್ಲಿ ಅಲ್ಲ, ಸೋತ ಸಂಜೆಯೂ ಅಲ್ಲ. ವಾರದ ನಡುವೆ ಒಂದು ಬೆಳಗ್ಗೆ ತಿಂಡಿಯಾದ ಮೇಲೆ ಖಾಲಿ ಕನ್ವೆನ್ಷನ್ ಕಾರ್ಡ್ (ಜೋಡಿಯ ಬಿಡ್ಡಿಂಗ್ ಒಪ್ಪಂದಗಳನ್ನು ಬರೆದಿಡುವ ಹಾಳೆ) ಹಿಡಿದು ಕೆಳಗಿಳಿದು ಹೋಗಿ. ನಿಮ್ಮ ತಪ್ಪಿನಿಂದ ಶುರು ಮಾಡಿ: "ಭಾವ, ಆ ಡಬಲ್ ನಿಮ್ಮ ಜೊತೆ ಮಾತಾಡದೆ ಹೇಳಿದ್ದು ನನ್ನ ತಪ್ಪು. ನಮ್ಮಿಬ್ಬರದೂ ಒಂದೇ ಅರ್ಥವಾಗುವ ಹಾಗೆ ಬರೆದಿಡೋಣ." ನಂತರ ಒಂದೊಂದಾಗಿ ಬರೆಯಿರಿ: ಒಂದು ನೋ ಟ್ರಂಪ್ ಎಷ್ಟು ಪಾಯಿಂಟ್‌ಗೆ, ಅದಕ್ಕೆ ಎರಡು ಕ್ಲಬ್ ಎಂದರೆ ಸ್ಟೇಮನ್ (ನಾಲ್ಕು ಎಲೆಯ ಹಾರ್ಟ್ ಅಥವಾ ಸ್ಪೇಡ್ ಇದೆಯೇ ಎಂಬ ಪ್ರಶ್ನೆ) ಹೌದೋ ಅಲ್ಲವೋ, ಟ್ರಾನ್ಸ್‌ಫರ್ (ತನ್ನ ಉದ್ದದ ಸೂಟನ್ನು ಪಾರ್ಟ್ನರ್‌ನಿಂದ ಹೇಳಿಸುವ ಬಿಡ್) ಇಟ್ಟುಕೊಳ್ಳುತ್ತೀರಾ, ಯಾವ ಮಟ್ಟದವರೆಗೆ ಡಬಲ್ ನೆಗೆಟಿವ್, ಎಲ್ಲಿಂದ ಮುಂದೆ ಅದು ಎದುರಾಳಿಯನ್ನು ಬೀಳಿಸಲು. ನಿಮಗೆ ಇಷ್ಟವಾದ ಎಲ್ಲ ಹೊಸ ಪದ್ಧತಿಗಳನ್ನೂ ಒಂದೇ ದಿನ ಹೇರಬೇಡಿ. ನೆಗೆಟಿವ್ ಡಬಲ್ ಒಂದನ್ನು ಕೇಳಿ, ಅವರಿಗೆ ಪ್ರಿಯವಾದ ಒಂದನ್ನು ನೀವು ಒಪ್ಪಿಕೊಳ್ಳಿ. ಇಬ್ಬರಿಗೂ ನೆನಪಿರುವ ಹಳೆಯ ಪದ್ಧತಿಯಿಂದ, ಒಬ್ಬರಿಗೆ ಮರೆತುಹೋಗುವ ಹೊಸ ಪದ್ಧತಿಗಿಂತ ಹೆಚ್ಚು ಪಾಯಿಂಟ್ ಬರುತ್ತದೆ. ಈ ಕಾರ್ಡ್ ಎದುರಾಳಿಗಳ ಕಣ್ಣಿಗೂ ಬೀಳುವಂತಿರಬೇಕು, ಏಕೆಂದರೆ ಜೋಡಿಯ ನಡುವೆ ಗುಟ್ಟಿನ ಒಪ್ಪಂದ ಇರುವಂತಿಲ್ಲ.

ಕಾರ್ಡ್ ಬರೆದಾದ ಮೇಲೆ ಎರಡನೆಯ ಮಾತನ್ನು ಹೇಳಿ, ದನಿ ಏರಿಸದೆ: "ಮನೆಯಲ್ಲಿ ನೀವು ಹಿರಿಯರು, ಏನು ಹೇಳಿದರೂ ಕೇಳುತ್ತೇನೆ. ಟೇಬಲ್‌ನಲ್ಲಿ ನನ್ನ ತಪ್ಪು ಕಂಡರೆ ಆಟವೆಲ್ಲ ಮುಗಿದ ಮೇಲೆ ಹೇಳಿ, ಬೇರೆಯವರ ಎದುರು ಬೇಡ." ಇದನ್ನು ಓರಗಿತ್ತಿಯ ಮೂಲಕವೋ ಯಜಮಾನರ ಮೂಲಕವೋ ಹೇಳಿಕಳಿಸಬೇಡಿ. ಹಾಗೆ ಹೋದ ಮಾತು ದೂರಾಗುತ್ತದೆ, ನೀವೇ ಹೇಳಿದ್ದು ಕೋರಿಕೆಯಾಗಿ ಉಳಿಯುತ್ತದೆ.

ಗೆಳತಿಯ ಕರೆಯನ್ನು ಒಪ್ಪಿಕೊಳ್ಳಿ. ಭಾವನವರು ಬದಲಾಗುತ್ತಾರೋ ಇಲ್ಲವೋ ಎಂದು ಕಾಯುವ ಅಗತ್ಯವಿಲ್ಲ, ಬೇರೆ ಬೇರೆ ಪಂದ್ಯಗಳಲ್ಲಿ ಬೇರೆ ಬೇರೆ ಪಾರ್ಟ್ನರ್ ಜೊತೆ ಆಡುವುದು ಈ ಆಟದಲ್ಲಿ ಸಾಮಾನ್ಯ. ಆದರೆ ಈ ಸುದ್ದಿ ಕ್ಲಬ್ಬಿನವರ ಬಾಯಿಂದ ಅವರಿಗೆ ಮುಟ್ಟುವ ಮೊದಲು ನೀವೇ ತಿಳಿಸಿ. ಬೈಯದೆ ಇರುವ ಪಾರ್ಟ್ನರ್ ಎದುರು ಕೂತಾಗ ನಿಮ್ಮ ಬಿಡ್ಡಿಂಗ್ ಹೇಗಿರುತ್ತದೆಂದು ತಿಳಿದುಕೊಳ್ಳುವುದೂ ನಿಮಗೆ ಬೇಕಾಗಿದೆ.

ಯಜಮಾನರ ಕಾಳಜಿ ಮನೆಯ ನೆಮ್ಮದಿಯದು, ಅದನ್ನು ಗೌರವಿಸಿ. "ಈ ವಯಸ್ಸಿನಲ್ಲಿ" ಎಂಬ ಮಾತನ್ನು ಮಾತ್ರ ಒಪ್ಪಬೇಡಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಪುರುಷರ ಜೋಡಿ ವಿಭಾಗದಲ್ಲಿ ಭಾರತಕ್ಕೆ ಚಿನ್ನ ತಂದ ಪ್ರಣಬ್ ಬರ್ಧನ್ ಅವರಿಗೆ ಆಗ 60, ಶಿಬನಾಥ್ ಸರ್ಕಾರ್ ಅವರಿಗೆ 56. ನಿಮ್ಮ ವಯಸ್ಸು ಅವರಿಬ್ಬರ ನಡುವಿನದು. ಆಟ ಬಿಟ್ಟರೆ ಮನೆಯಲ್ಲಿ ಜಗಳ ನಿಲ್ಲಬಹುದು, ಆದರೆ ಮೆಟ್ಟಿಲು ಹತ್ತಿ ಇಳಿಯುವಾಗಲೆಲ್ಲ ನಿಮ್ಮ ಮನಸ್ಸಿನಲ್ಲಿ ಭಾವನವರ ಬಗ್ಗೆ ಒಂದು ಕಹಿ ಉಳಿದುಬಿಡುತ್ತದೆ.

ಇಷ್ಟಾದ ಮೇಲೂ ಅವರು ಮತ್ತೆ ಎಲೆ ಎಸೆದರೆ, ಆ ದಿನದ ಆಟವನ್ನು ಮುಗಿಸಿ ಬನ್ನಿ, ನಡುವೆ ಎದ್ದು ಬರಬೇಡಿ, ಉಳಿದ ಮೂವರಿಗೆ ಅದು ಅನ್ಯಾಯ. ಮುಂದಿನ ಭಾನುವಾರದಿಂದ ಅವರ ಜೋಡಿಯಾಗಿ ಕೂರುವುದನ್ನು ನಿಲ್ಲಿಸಿ. ಕಾರಣ ಕೇಳಿದವರಿಗೆಲ್ಲ, ಓರಗಿತ್ತಿಗೂ ಸೇರಿ, "ನಮ್ಮಿಬ್ಬರ ಪದ್ಧತಿ ಹೊಂದಲಿಲ್ಲ" ಎಂದಷ್ಟೇ ಹೇಳಿ, ನಿಜವಾದ ಕಾರಣವನ್ನು ಭಾವನವರಿಗೆ ಒಬ್ಬರಿಗೇ ಹೇಳಿ.